ಗುಂಡಿ ಹೊಲಿಯುವ ಅಕ್ಕ ಮತ್ತು ಡಾನ್ ಬೋಸ್ಕೊ

ಮೊನ್ನೆ ಒಂದು ಸಂಸ್ಥೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ವೇದಿಕೆ ಮೇಲೆ ಫಾದರುಗಳು, ಸಿಸ್ಟರುಗಳು. ಮುಂದಿನ ಸಾಲಿನಲ್ಲಿ ದಾನಿಗಳು, ಅವರಿಗೆ ಶಾಲು, ಹಾರ, ಫೋಟೊ. ಕೊಟ್ಟವರಿಗೆ ಕೃತಜ್ಞತೆ ಹೇಳಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ ಶನಿವಾರ ಹಾಸ್ಟೆಲಿಗೆ ಬಂದು ಹುಡುಗರ ಅಂಗಿಗಳಿಗೆ ಗುಂಡಿ ಹೊಲಿದುಕೊಡುವ ಟೈಲರ್ ಅಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬರಬಹುದೆಂದು ಅವರೂ ಅಂದುಕೊಂಡಿರಲಿಲ್ಲ. ನನಗೆ ಸಂಕಟವಾದದ್ದು ಅದಕ್ಕೇ.

ಡಾನ್ ಬೋಸ್ಕೊ ಅಂತ ಎಲ್ಲರೂ ಕರೆಯುವ ಸಂತ ಜಾನ್ ಬೋಸ್ಕೊ ಅವರ ಕೆಲಸ ಶುರುವಾದದ್ದೇ ಇಂಥ ಕೈಗಳಿಂದ. 1846ರಲ್ಲಿ ಇಟಲಿಯ ಟ್ಯೂರಿನ್ ನಗರದ ಅಂಚಿನಲ್ಲಿ, ವಾಲ್ದೊಕ್ಕೊದಲ್ಲಿ ಅವರಿಗೆ ಸಿಕ್ಕಿದ್ದು ಒಂದು ತಗ್ಗು ಮಾಡಿನ ಕೊಟ್ಟಿಗೆ. ಅದೇ ವರ್ಷ ನವೆಂಬರಿನಲ್ಲಿ ತಾಯಿ ಮಾರ್ಗರೀತ ಹಳ್ಳಿ ಬಿಟ್ಟು ಮಗನ ಜೊತೆ ಕಾಲ್ನಡಿಗೆಯಲ್ಲೇ ಬಂದರು. ಆಗ ಅವರಿಗೆ 58 ವರ್ಷ. ಅಕ್ಷರ ಕಲಿಯದ ರೈತ ಹೆಂಗಸು. ಜೋಪಾನ ಮಾಡಿದ್ದ ತಮ್ಮ ಮದುವೆಯ ಉಡುಪನ್ನು ಕತ್ತರಿಸಿ ಪೂಜಾಪೀಠಕ್ಕೆ ಬಟ್ಟೆ ಮಾಡಿದರು, ಒಡವೆ ಮಾರಿದರು, ಅನಾಥ ಹುಡುಗರಿಗೆ ಅಡುಗೆ ಮಾಡಿದರು, ಹರಿದ ಬಟ್ಟೆ ಹೊಲಿದರು. ಒಮ್ಮೆ ಹುಡುಗರು ಅವರ ತರಕಾರಿ ತೋಟವನ್ನು ತುಳಿದು ಹಾಳು ಮಾಡಿದಾಗ, ಸಾಕಪ್ಪಾ, ಊರಿಗೆ ಹೋಗ್ತೀನಿ ಅಂದರು. ಮಗ ಏನೂ ಹೇಳದೆ ಗೋಡೆಯ ಮೇಲಿದ್ದ ಶಿಲುಬೆ ತೋರಿಸಿದರು. ತಾಯಿ ಉಳಿದುಕೊಂಡರು. 1856ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಆಗಿನ್ನೂ ಡಾನ್ ಬೋಸ್ಕೊ ಕಟ್ಟಿದ ಸಂನ್ಯಾಸಿ ಸಂಘ, ಅಂದರೆ ಸಲೇಸಿಯನ್ ಸಭೆಯೇ ಹುಟ್ಟಿರಲಿಲ್ಲ, ಅದು ಹುಟ್ಟಿದ್ದು 1859ರಲ್ಲಿ!

ಡಾನ್ ಬೋಸ್ಕೊಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆ, ಮಕ್ಕಳು, ವ್ಯಾಪಾರ ಇಟ್ಟುಕೊಂಡೇ ಸಲೇಸಿಯನ್ನರಾಗಿರುವ 'ಹೊರಗಿನ ಸದಸ್ಯರು' ಸಭೆಗೆ ಬೇಕೆಂದು ಅವರು ನಿಯಮಾವಳಿಯಲ್ಲೇ ಬರೆದಿದ್ದರು. ರೋಮ್‌ನಲ್ಲಿದ್ದ ಧರ್ಮಸಭೆಯ ಹಿರಿಯರು ಒಪ್ಪಲಿಲ್ಲ. 1874ರಲ್ಲಿ ನಿಯಮಾವಳಿಗೆ ಒಪ್ಪಿಗೆ ಸಿಕ್ಕಾಗ ಆ ಅಧ್ಯಾಯ ಇರಲಿಲ್ಲ. ಅವರು ಸುಮ್ಮನಾಗಲಿಲ್ಲ. 1876ರಲ್ಲಿ, ಹೀಗೆ ಮನೆಯಲ್ಲಿದ್ದುಕೊಂಡೇ ಕೈಜೋಡಿಸುವವರಿಗಾಗಿ ಸಲೇಸಿಯನ್ ಸಹಕಾರಿಗಳ ಸಂಘ ಕಟ್ಟಿ ಪೋಪ್ ಒಂಬತ್ತನೇ ಪಯಸ್ (ಭಕ್ತಿನಾಥ) ಅವರ ಒಪ್ಪಿಗೆ ಪಡೆದರು.

ಇಸವಿ ಗಮನಿಸಿ. ಈಗ ಫಾದರುಗಳಾಗಲು ಬರುವವರು ಕಡಿಮೆ, ಅದಕ್ಕೇ ಶ್ರೀಸಾಮಾನ್ಯರನ್ನು ಕರೆಯಬೇಕು ಅನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಡಾನ್ ಬೋಸ್ಕೊ ಸಹಕಾರಿಗಳನ್ನು ಕರೆದಾಗ ಅವರ ಸಭೆ ಬೆಳೆಯುತ್ತಿತ್ತು, ಹಿಂದಿನ ವರ್ಷವಷ್ಟೇ ಅರ್ಜೆಂಟೀನಾಕ್ಕೆ ಮೊದಲ ಮಿಷನರಿಗಳನ್ನು ಕಳಿಸಿತ್ತು. ಆಳು ಸಾಲದೆ ಕರೆದದ್ದಲ್ಲ, ಈ ಕೆಲಸ ಅವರದ್ದೂ ಹೌದು ಅಂತ ಕರೆದದ್ದು.

ಸಹಕಾರಿಗಳು ವ್ರತ ತೊಡುವುದಿಲ್ಲ, ಒಂದು ವಾಗ್ದಾನ ಮಾಡುತ್ತಾರೆ. ಮನೆ, ಕಚೇರಿ, ಬೀದಿಯಲ್ಲೇ ಅದನ್ನು ಬದುಕುತ್ತಾರೆ. ಪೋರ್ಚುಗಲ್‌ನ ಅಲೆಕ್ಸಾಂಡ್ರಿನಾ ದ ಕೋಸ್ಟಾ ಸುಮಾರು 30 ವರ್ಷ ಹಾಸಿಗೆ ಬಿಟ್ಟು ಏಳಲಾಗದೆ ಮಲಗಿದ್ದವರು, ಅವರೂ ಸಹಕಾರಿಯೇ. ಹಣವಿಲ್ಲ, ಓಡಾಡುವ ಶಕ್ತಿಯಿಲ್ಲ, ಪ್ರಾರ್ಥನೆಯೊಂದೇ. 2004ರಲ್ಲಿ ಕಥೋಲಿಕ ಧರ್ಮಸಭೆ ಅವರನ್ನು ಪುನೀತರೆಂದು, ಅಂದರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನವರೆಂದು, ಘೋಷಿಸಿತು. ನನ್ನ ಕೈಲೇನಾಗುತ್ತೆ ಅನ್ನುವವರು ಇವರನ್ನು ನೆನೆಯಲಿ.

ನಮ್ಮ ಬೆಂಗಳೂರಿನಲ್ಲಿ ಬೀದಿ ಮಕ್ಕಳಿಗಾಗಿ 1980ರಲ್ಲಿ ಸಲೇಸಿಯನ್ ವಿದ್ಯಾರ್ಥಿಗಳು ಶುರುಮಾಡಿದ 'ಬೋಸ್ಕೊ'ದ ಪೂರ್ಣ ಹೆಸರು ಎಷ್ಟು ಜನಕ್ಕೆ ಗೊತ್ತೋ! ಬೆಂಗಳೂರು ಓಣಿಯವರ ಸೇವಾ ಕೂಟ. ಕನ್ನಡದ್ದೇ ಹೆಸರು. ಓಣಿ, ಕೂಟ ಎರಡೂ ನಮ್ಮವೇ ಆದಮೇಲೆ ಅದನ್ನೆಲ್ಲ ಫಾದರು ನೋಡಿಕೊಳ್ತಾರೆ ಅಂತ ನಾವು ಹೇಗೆ ಕೂರುವುದು? ಚೆಕ್ ಬರೆದು ಮುಗಿಸುವ ನಮ್ಮದೂ ತಪ್ಪು, ಚೆಕ್‌ಗಷ್ಟೇ ಫೋನ್ ಮಾಡುವ ಸಂಸ್ಥೆಗಳದ್ದೂ ತಪ್ಪು. ಯೋಜನೆ ಮಾಡುವಾಗಲೂ ನಮ್ಮನ್ನು ಕರೆಯಿರಿ, ಹುಡುಗರ ಹೆಸರು ನಮಗೂ ಗೊತ್ತಿರಲಿ. ಟೈಲರ್ ಅಕ್ಕನಿಗೆ ಯಾವ ಹುಡುಗ ಯಾವ ಗುಂಡಿ ಕಿತ್ತುಕೊಂಡು ಬರುತ್ತಾನೆ ಅನ್ನುವುದೂ ಗೊತ್ತು. ಹೊಲಿಯುತ್ತಲೇ, ಊಟ ಆಯ್ತಾ, ಅಮ್ಮ ಫೋನ್ ಮಾಡಿದ್ರಾ ಅಂತ ಕೇಳುತ್ತಾರೆ.

ಈ ಶನಿವಾರ ಅವರ ಡಬ್ಬಿಯಲ್ಲಿ ಬಿಳಿ ಗುಂಡಿ ಖಾಲಿಯಾಗಿದೆಯಂತೆ. ಚಿಕ್ಕಪೇಟೆಯಿಂದ ನಾನು ತರುತ್ತೇನೆ. ಸೂಜಿ ಹಿಡಿಯಲು ಬರುವವರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ಮೂರು ಗಂಟೆಗೆ ಒಟ್ಟಿಗೇ ಹೋಗೋಣ.