ಉಬ್ಬೆಗೆ ಬಿದ್ದ ಸ್ವೆಟರ್

ನಮ್ಮ ಮನೆಯಲ್ಲಿ ಒಂದು ಬೆತ್ತದ ಸ್ಟೂಲಿದೆ. ಅದರ ಮೇಲೆ ಯಾರೂ ಕೂರುವುದಿಲ್ಲ. ಕೂರಬೇಡಿ ಅಂತ ನಾನೇನೂ ಹೇಳಿಲ್ಲ. ಬಂದವರು ಒಮ್ಮೆ ಅದನ್ನು ನೋಡುತ್ತಾರೆ, ಒಳಗೆ ಏನೋ ಮಲಗಿರಬಹುದು ಎಂಬ ಅನುಮಾನದಲ್ಲಿ ಸೋಫಾ ಕಡೆಗೆ ಸರಿಯುತ್ತಾರೆ.

ಸ್ಟೂಲು ಸಿಕ್ಕಿದ್ದು ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಕು ಹರಿಯುವ ಮೊದಲೇ ಟಾರ್ಪಾಲು ಹಾಸಿ ಕೂತುಬಿಡುತ್ತಾರೆ. ತಿರುಪು ಇಲ್ಲದ ರೇಡಿಯೋ, ಜೋಡಿ ಕಳೆದುಕೊಂಡ ಬೂಟು, ಹಾವಿನ ಹಾಗೆ ಹೆಣೆದುಕೊಂಡ ಚಾರ್ಜರ್‌ಗಳು. ಒಳ್ಳೆ ಮಾಲು ಬೇಕೆಂದರೆ ಬೇಗ ಹೋಗಬೇಕು. ಮೆಟ್ರೊ ಭಾನುವಾರ ತಡವಾಗಿ ಏಳುತ್ತದೆ. ಹಾಗಾಗಿ ಆಟೋಗೆ 250 ರೂಪಾಯಿ ಕೊಟ್ಟು ಹೋಗಿ, ಚೌಕಾಸಿ ಮಾಡಿ 150 ರೂಪಾಯಿಗೆ ಸ್ಟೂಲು ತಂದೆ. ಉಳಿತಾಯ ಅಂದರೆ ಇದೇ ಅಲ್ವಾ?

ಅದರ ಪಕ್ಕದಲ್ಲೇ ಸ್ವೆಟರ್‌ಗಳ ರಾಶಿ. "ಪ್ಯೂರ್ ಉಲನ್ ಅಕ್ಕಾ, ಫಾರಿನ್ ಮಾಲು" ಎಂದ. ಹೊಸ ಉಲ್ಲನ್ ಉಂಡೆ ಕೊಳ್ಳುವ ಬದಲು ಹಳೆ ಸ್ವೆಟರ್ ಬಿಚ್ಚಿ, ಆ ದಾರದಲ್ಲೇ ಸ್ಟೂಲಿಗೆ ಕ್ರೋಶಾ ಕವರ್, ಅಂದರೆ ಕೊಕ್ಕೆ ಕಡ್ಡಿಯಲ್ಲಿ ಹೆಣೆದ ಹೊದಿಕೆ, ಹಾಕಿದರೆ? ತಲೆ ಓಡಿದ್ದೇ ತಡ, ಮೂರು ಸ್ವೆಟರ್‌ಗೆ 300 ಕೊಟ್ಟೆ.

ಬಾಗಿಲಲ್ಲೇ ಅಮ್ಮ ತಡೆದರು. "ಅಲ್ಲ ಕಣೇ, ಯಾರ ಮೈಮೇಲಿದ್ದದ್ದೋ ಏನೋ! ಮೊದಲು ಬಿಸಿನೀರು ಕಾಣಿಸು." ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರೇ ದೊಡ್ಡ ಪಾತ್ರೆಯಲ್ಲಿ ಸೋಪಿನ ಪುಡಿ ಹಾಕಿ, ನೀರು ಕುದಿಸಿ, ಅತ್ಯಂತ ಚೆನ್ನಾಗಿದ್ದ ಬೂದು ಸ್ವೆಟರನ್ನು ಅದರೊಳಗೆ ಮುಳುಗಿಸಿ, ಮುದ್ದೆ ಕೋಲಿನಲ್ಲಿ ತಿರುವುತ್ತಾ ನಿಂತಿದ್ದರು. ಹಿಂದೆ ಅಗಸರು ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದರಲ್ಲ, ಥೇಟ್ ಹಾಗೇ.

ಮಾರಿದವನು ಸುಳ್ಳು ಹೇಳಿರಲಿಲ್ಲ. ಅದು ನಿಜಕ್ಕೂ ಅಪ್ಪಟ ಉಣ್ಣೆ. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ತಿರುವುವಿಕೆ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಮತ್ತೆ ಬಿಡುವುದಿಲ್ಲ. ಪಾತ್ರೆಗೆ ಬಿದ್ದಾಗ ಆರಡಿ ಆಳಿಗೆ ಆಗುವಂತಿದ್ದ ಸ್ವೆಟರ್ ಹೊರಬಂದಾಗ ಎಲ್‌ಕೆಜಿ ಮಗುವಿನದಾಗಿತ್ತು. ದಪ್ಪಗೆ, ಬಿರುಸಾಗಿ, ಕಂಬಳಿ ತುಂಡಿನ ಹಾಗೆ. ಬಿಚ್ಚಲು ಒಂದು ಎಳೆಯೂ ಕಾಣಲಿಲ್ಲ.

"ಕ್ಲೀನ್ ಅಂತೂ ಆಯ್ತಲ್ಲ" ಎಂದರು ಅಮ್ಮ.

ಎರಡನೆಯದನ್ನು ತಣ್ಣೀರಲ್ಲಿ ನಾನೇ ಒಗೆದೆ. ಅದರ ಕಥೆ ಬೇರೆ. ಬಟ್ಟೆಯನ್ನು ಥಾನಿನಿಂದ ಕತ್ತರಿಸಿ, ಅಂಚಿಗೆ ಓವರ್‌ಲಾಕ್ ಹೊಡೆದು ಹೊಲಿದ ಸ್ವೆಟರ್ ಅದು. ಅಂಥದ್ದನ್ನು ಬಿಚ್ಚಿದರೆ ಪ್ರತಿ ಸಾಲೂ ಅಂಚಿನಲ್ಲಿ ತುಂಡಾಗುತ್ತದೆ. ಮಾರುದ್ದ ಒಂದು ಎಳೆ, ಮತ್ತೆ ಮಾರುದ್ದ ಇನ್ನೊಂದು. ಒಂದು ಸಂಜೆ ಪೂರ್ತಿ ಕೂತು ಬಿಚ್ಚಿದ ಮೇಲೆ ನನ್ನ ಮಡಿಲಲ್ಲಿ ಒಂದು ಬುಟ್ಟಿ ಶ್ಯಾವಿಗೆ ಇತ್ತು. ಕೊಳ್ಳುವ ಮುಂಚೆ ಒಳಗಿನ ಹೊಲಿಗೆಯನ್ನು ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು. ನಾನು ನೋಡಿದ್ದು ಬಣ್ಣವನ್ನು.

ಮೂರನೆಯದು, ಆ ಅರಿಶಿನ ಬಣ್ಣದ್ದು, ಕೈಹಿಡಿಯಿತು. ಕತ್ತಿನ ಹತ್ತಿರ ಸರಿಯಾದ ಎಳೆ ಹಿಡಿದು ಎಳೆದರೆ ಸರ್ರಂತ ಬಿಚ್ಚಿಕೊಳ್ಳುತ್ತಾ ಬಂತು. ಏನು ಸುಖ ಅಂತೀರಿ! ಸುತ್ತಿಕೊಳ್ಳಲು ಎರಡು ಕೈ ಬೇಕಿತ್ತು. ಯಜಮಾನರು ಕ್ರಿಕೆಟ್ ನೋಡುತ್ತಾ ಕೂತಿದ್ದರು. ಅವರ ಕೈಗಳನ್ನೇ ಮುಂದಕ್ಕೆ ಚಾಚಿಸಿ, ಪೊಲೀಸರಿಗೆ ಶರಣಾದವರ ಹಾಗೆ ಕೂರಿಸಿ ಸುತ್ತಿದೆ. ಮುಕ್ಕಾಲು ಸ್ವೆಟರ್ ಮುಗಿದಿತ್ತು. ಅಷ್ಟರಲ್ಲಿ ಯಾರೋ ಸಿಕ್ಸರ್ ಹೊಡೆದ. ಅಂಪೈರ್ ಎರಡೂ ಕೈ ಎತ್ತಿದ. ಜೊತೆಗೆ ಇವರೂ ಎತ್ತಿದರು.

ಆ ಗಂಟು ಬಿಡಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನ ಮನೆಯಲ್ಲಿ ಮಾತುಕತೆ ಕಡಿಮೆ.

ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಲಡಿ ಮಾಡಿ, ನಾಲ್ಕು ಕಡೆ ಕಟ್ಟಿ, ನೀರಲ್ಲಿ ನೆನೆಸಿ, ಕೆಳಗೆ ಭಾರ ತೂಗುಹಾಕಿ ಒಣಗಿಸಬೇಕು. ಆಗ ನೆಟ್ಟಗಾಗುತ್ತದೆ. ಬಚ್ಚಲಲ್ಲಿ ನೆನೆಹಾಕಿದ್ದೆ. "ಬಕೆಟ್ಟಲ್ಲಿ ಯಾರೇ ಮ್ಯಾಗಿ ಮಾಡಿರೋದು?" ಎಂದು ಇವರ ಕೂಗು ಕೇಳಿತು. ಸದ್ಯ, ಮಾತು ಮತ್ತೆ ಶುರುವಾಯಿತಲ್ಲ ಅಂದುಕೊಂಡೆ.

ಇನ್ನು ಕ್ರೋಶಾ. ಅಮ್ಮ ಇದರಲ್ಲಿ ಪಳಗಿದವರು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಟಿವಿಗೆ, ರೇಡಿಯೋಗೆ, ನೀರಿನ ಹೂಜಿಗೆ, ಎಲ್ಲದಕ್ಕೂ ಬಿಳಿ ದಾರದ ಕ್ರೋಶಾ ಹೊದಿಕೆ. ಬರಿಮೈಯಲ್ಲಿ ಇರುತ್ತಿದ್ದದ್ದು ಗ್ಯಾಸ್ ಸಿಲಿಂಡರ್ ಮತ್ತು ಬೇಸಿಗೆಯಲ್ಲಿ ತಾತ. ಅಮ್ಮನ ಹತ್ತಿರವೇ "ಡಬಲ್ ಅನ್ನೋ ಹೆಣಿಗೆ ಹೇಗೆ ಹಾಕೋದು?" ಎಂದು ಕೇಳಿ ಕಲಿತೆ. ಉಳಿದದ್ದನ್ನು ಯೂಟ್ಯೂಬಿನಲ್ಲಿ ಅಮೆರಿಕದ ಒಬ್ಬ ಅಜ್ಜಿ ಹೇಳಿಕೊಟ್ಟರು. ಮೊದಲ ಸುತ್ತಿಗೆ 12 ಡಬಲ್, ಎರಡನೆಯದಕ್ಕೆ 24, ಆಮೇಲೆ 36. ಸುತ್ತಿಗೆ 12 ಜಾಸ್ತಿ ಮಾಡುತ್ತಾ ಹೋದರೆ ತಟ್ಟೆಯಷ್ಟು ಸಪಾಟಾದ ಚಕ್ರ ಬರುತ್ತದೆ ಎಂದರು.

ನನಗೆ ಬಂದದ್ದು ಎಲೆಕೋಸು.

ನಾಲ್ಕನೇ ಸುತ್ತಿನಿಂದಲೇ ಅಂಚು ನೆರಿಗೆ ಹೊಡೆಯತೊಡಗಿತ್ತು. ಮುಂದೆ ಹೋದರೆ ಸರಿಯಾಗುತ್ತದೆ ಅಂದುಕೊಂಡು ಹಾಕುತ್ತಲೇ ಹೋದೆ. (ಮದುವೆ, ಸಾಲ, ಕ್ರೋಶಾ ಮೂರರಲ್ಲೂ ನಾವು ಅಂದುಕೊಳ್ಳುವುದು ಇದನ್ನೇ.) ಹತ್ತಿರ ಹತ್ತಿರ ಮೂರು ವಾರ. ಕೊನೆಗೆ ಗೊತ್ತಾದ ಸಂಗತಿ ಏನೆಂದರೆ, ಅಮ್ಮ ಕಲಿತದ್ದು ಬ್ರಿಟಿಷರ ಲೆಕ್ಕ. ಬ್ರಿಟಿಷರು ಡಬಲ್ ಅನ್ನುವುದು ಅಮೆರಿಕದವರಿಗೆ ಬರೀ ಸಿಂಗಲ್, ಅಂದರೆ ಕುಳ್ಳು ಹೆಣಿಗೆ. ಅಮೆರಿಕದ ಡಬಲ್ ಬೇಕೆಂದರೆ ಅಮ್ಮನನ್ನು ಟ್ರೆಬಲ್ ಕೇಳಬೇಕಿತ್ತು. ಆ ಕುಳ್ಳು ಹೆಣಿಗೆಗೆ ಸುತ್ತಿಗೆ ಆರು ಹೆಚ್ಚಿಸಿದರೆ ಸಾಕು. ನಾನು 12 ತುರುಕಿದ್ದೆ. ಜಾಗ ಸಾಲದೆ ಹೆಣಿಗೆಯೆಲ್ಲ ಮೇಲಕ್ಕೂ ಕೆಳಕ್ಕೂ ಎದ್ದು ಕೂತಿತ್ತು, ಸಂಜೆ ಆರರ ಮೆಜೆಸ್ಟಿಕ್ ಬಸ್ಸಿನ ಹಾಗೆ.

"ಮೊದಲೇ ಹೇಳಬಾರದಾ ಅಮ್ಮಾ?"

"ನೀನು ಏನೋ ಹೂವಿನ ಡಿಸೈನ್ ಹಾಕ್ತಿದ್ದೀಯಾ ಅಂದ್ಕೊಂಡೆ."

ಬಿಚ್ಚಲು ಮನಸ್ಸು ಬರಲಿಲ್ಲ. ಹಾಗೇ ಸ್ಟೂಲಿನ ತಲೆಗೆ ಏರಿಸಿದೆ. ಅಮ್ಮ ಅದಕ್ಕೆ ಧೂಳು ಕೂರಬಾರದು ಎಂದು ಮೇಲೊಂದು ಟವೆಲ್ ಹೊದಿಸಿದ್ದಾರೆ.

ಡಿಸೆಂಬರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಒಂದು ಬೀದಿನಾಯಿ ಮರಿ ಚಳಿಗೆ ನಡುಗುತ್ತಿತ್ತು. ಅಮ್ಮ ಒಳಗೆ ಹೋಗಿ ಆ ಉಬ್ಬೆಗೆ ಬಿದ್ದ ಬೂದು ಸ್ವೆಟರನ್ನು ಹುಡುಕಿ ತಂದರು. ಅಡುಗೆಮನೆ ಕತ್ತರಿಯಲ್ಲಿ ಒಂದು ತೋಳು ಕತ್ತರಿಸಿ, ಮುಂಗಾಲಿಗೆ ಎರಡು ತೂತು ಮಾಡಿದರು. ಗಟ್ಟಿಯಾಗಿ ಕೂಡಿಕೊಂಡ ಉಣ್ಣೆಯನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು, ಒಂದು ಎಳೆಯೂ ಬಿಡುವುದಿಲ್ಲ. ಮರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಇಡೀ ಕೆಲಸಕ್ಕೆ ಐದು ನಿಮಿಷ. ಹೊಲಿಗೆ ಇಲ್ಲ, ಹೆಣಿಗೆ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ನಾಲ್ಕನೇ ಮಹಡಿಯ ಹುಡುಗಿ ತನ್ನ ಪಗ್ ನಾಯಿಯನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಎಲೆಕೋಸಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಆಂಟಿ, ಆ ಗೇಟ್ ಹತ್ರದ ಮರಿ ಸ್ವೆಟರ್ ಸೂಪರಾಗಿದೆ. ನೀವೇ ಮಾಡಿದ್ದಂತೆ? ನಮ್ಮ ಪಗ್‌ಗೂ ಒಂದು ಮಾಡ್ಕೊಡ್ತೀರಾ? ಎಷ್ಟು ದಿನ ಬೇಕಾಗುತ್ತೆ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮನ ದನಿ ಬಂತು.

"ದಿನ ಯಾಕಮ್ಮಾ? ನೀರು ಕಾಯೋಷ್ಟು ಹೊತ್ತು ಸಾಕು."