‘ಕನ್ನಡ’ ಎಂಬ ಪದಕ್ಕೆ ಎಷ್ಟು ಅಕ್ಷರ?

ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಲಿಯಲು ಕುಳಿತಾಗ ಮೊದಲು ಪರದೆಯ ಮೇಲೆ ಲೋಕಕ್ಕೊಂದು ನಮಸ್ಕಾರ ಮೂಡಿಸುವುದು ನಮ್ಮ ಕಸುಬಿನವರ ಶಾಸ್ತ್ರ. ನಾನು ಹಲವು ವರ್ಷಗಳಿಂದ ಆ ಶಾಸ್ತ್ರವನ್ನು ಬಿಟ್ಟು, ‘ಕನ್ನಡ’ ಎಂಬ ಪದವನ್ನು ಕೊಟ್ಟು ಅದರ ಉದ್ದವೆಷ್ಟು ಎಂದು ಕೇಳುತ್ತೇನೆ. ನಾಲ್ಕನೇ ತರಗತಿಯಲ್ಲಿ ಓದುವ ನನ್ನ ಮಗಳು ಕ, ನ್ನ, ಡ ಎಂದು ಬೆರಳು ಮಡಚಿ ಮೂರು ಎನ್ನುತ್ತಾಳೆ. ಸಿ ಭಾಷೆ 15 ಎನ್ನುತ್ತದೆ. ಗೋ ಮತ್ತು ರಸ್ಟ್ ಕೂಡ ಹಾಗೆಯೇ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ಗಳ ಉತ್ತರ 5. ಸ್ವಿಫ್ಟ್‌ನದು 4. ಯಾವ ಸಹಾಯವೂ ಇಲ್ಲದೆ ತಾನಾಗಿ ಮೂರು ಎಂದ ಭಾಷೆ ನನಗೆ ಇದುವರೆಗೆ ಸಿಕ್ಕಿಲ್ಲ.

ಇವುಗಳಲ್ಲಿ ಯಾವುದೂ ಸುಳ್ಳು ಹೇಳುತ್ತಿಲ್ಲ, ಒಂದೊಂದೂ ಬೇರೆ ಬೇರೆ ವಸ್ತುವನ್ನು ಎಣಿಸುತ್ತಿದೆ ಅಷ್ಟೆ. ಲೋಕದ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಕೇತವನ್ನು ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಈ ಪದವು ಕ, ನ, ವ್ಯಂಜನದ ಸ್ವರವನ್ನು ಕಳೆಯುವ ಹಲಂತ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಾಗಿ ಇರುತ್ತದೆ. ಆ ಸಂಕೇತಗಳನ್ನು ಬೈಟು ಎಂಬ ಪುಟ್ಟ ತುಣುಕುಗಳಾಗಿ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕಾಗುವುದರಿಂದ ಒಟ್ಟು 15 ಬೈಟಾಗುತ್ತದೆ. ಸ್ವಿಫ್ಟ್ ಓದುಗನ ಕಣ್ಣಿಗೆ ಒಂದಾಗಿ ಕಾಣುವುದನ್ನು ಎಣಿಸಲು ಹೊರಟು, ಹಲಂತವನ್ನು ಹಿಂದಿನ ನಕಾರಕ್ಕೆ ಅಂಟಿಸಿ, ಮುಂದಿನ ನಕಾರವನ್ನು ಹೊರಗೆ ಬಿಟ್ಟು, ಕ, ನ್, ನ, ಡ ಎಂಬ ನಾಲ್ಕರಲ್ಲಿ ನಿಲ್ಲುತ್ತದೆ. ಒತ್ತಕ್ಷರವನ್ನು ಒಡೆಯದಂತೆ ತಡೆಯುವ ನಿಯಮವೊಂದು 2023ರ ಯೂನಿಕೋಡ್ 15.1 ಆವೃತ್ತಿಯಲ್ಲಿ ಬಂದಿತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯವಾಯಿತೇ ಹೊರತು ಕನ್ನಡಕ್ಕೆ ಆಗಲಿಲ್ಲ. ತೆಲುಗಿಗೆ ಸಂದದ್ದು ಅದರ ಅಕ್ಕನಂತಿರುವ ಕನ್ನಡ ಲಿಪಿಗೆ ಸಲ್ಲದೇ ಹೋದದ್ದನ್ನು ಓದಿದ ದಿನ ನನಗೆ ನಿಜಕ್ಕೂ ಬೇಸರವಾಗಿತ್ತು.

ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ನನಗಿರುವ ಅಭಿಪ್ರಾಯಗಳೆಲ್ಲ ಒಂದು ರಸೀದಿಯಿಂದ ಹುಟ್ಟಿದವು. 2019ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಸಿದ್ಧಪಡಿಸುತ್ತಿದ್ದೆವು. ರಸೀದಿಯ ಅಗಲ ಕಡಿಮೆಯಿದ್ದುದರಿಂದ ಗ್ರಾಹಕರ ಹೆಸರಿನ ಮೊದಲ 20ನ್ನು ಮಾತ್ರ ಉಳಿಸಿಕೊಳ್ಳುವಂತೆ ಗೋ ಭಾಷೆಯಲ್ಲಿ ಒಂದು ಸಾಲು ಬರೆದಿದ್ದೆ. ಇಪ್ಪತ್ತು ಏನು ಎಂದು ನಾನು ಯೋಚಿಸಿರಲಿಲ್ಲ, ಗೋ ಕೇಳಲೂ ಇಲ್ಲ. ಪರೀಕ್ಷೆಗೆಂದು ‘ಕನ್ನಡ’ ಎಂಬ ಪದವನ್ನೇ ಹಾಕಿ ನೋಡಿದೆ. 15 ಬೈಟಿನ ಆ ಪದವು ಇಪ್ಪತ್ತರೊಳಗೆ ಸುಖವಾಗಿ ಕುಳಿತಿತು. ಒಂದು ವಾರದ ಬಳಿಕ ಅಂಗಡಿಯವರೊಬ್ಬರು ರಸೀದಿಯ ಫೋಟೋ ಕಳುಹಿಸಿ, “ಸಾರ್, ನಮ್ಮ ಮಲ್ಲಿಕಾರ್ಜುನಪ್ಪನವರನ್ನು ಹೆಣ್ಣು ಮಾಡಿಬಿಟ್ಟಿದ್ದೀರಲ್ಲ” ಎಂದು ಬರೆದಿದ್ದರು. ಮೊದಲ ಆರು ಸಂಕೇತಗಳು 18 ಬೈಟನ್ನು ತಿಂದಿದ್ದವು. ಏಳನೆಯದಾದ ಕಾಕಾರದ ಇಳಿಯಲ್ಲಿ, ಅಂದರೆ ದೀರ್ಘದ ಚಿಹ್ನೆಯಲ್ಲಿ, ಎರಡು ಬೈಟು ಉಳಿದು ಮೂರನೆಯದು ಕತ್ತರಿಸಿಹೋಗಿತ್ತು. ಹಾಗಾಗಿ ಕಾಗದದ ಮೇಲೆ ‘ಮಲ್ಲಿಕ’ ಎಂದೂ, ಅದರ ಪಕ್ಕದಲ್ಲಿ ಅನಾಥವಾದ ಒಂದೊಂದು ಬೈಟಿಗೆ ಒಂದರಂತೆ, ಒಳಗೆ ಪ್ರಶ್ನೆಚಿಹ್ನೆಯಿರುವ ಎರಡು ಕಪ್ಪು ವಜ್ರಗಳೂ ಅಚ್ಚಾಗಿದ್ದವು.

ತಪ್ಪು ನನ್ನದೇ. ಆದರೂ ಭಾಷೆಗಳು ಇಂಥ ತಪ್ಪಿನ ಮುಂದೆ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಅಂದಿನಿಂದ ಗಮನಿಸತೊಡಗಿದೆ. ಅದೇ ಸಾಲನ್ನು ರಸ್ಟ್‌ನಲ್ಲಿ ಬರೆದರೆ ಇಪ್ಪತ್ತನೆಯ ಬೈಟು ಅಕ್ಷರವೊಂದರ ಒಳಗೆ ಬೀಳುತ್ತದೆ ಎಂದು, ಯಾವ ಅಕ್ಷರದ ಒಳಗೆ ಎಂಬುದನ್ನೂ ತೋರಿಸಿ, ಪ್ರೋಗ್ರಾಂ ಅಲ್ಲಿಯೇ ನಿಂತುಬಿಡುತ್ತದೆ. ಪದದ ಮೂರನೆಯ ಅಕ್ಷರವನ್ನು ಕೊಡು ಎಂದು ಅಂಕಿಯಿಂದ ಕೇಳಿದರೆ ಕಂಪೈಲ್ ಮಾಡಲೂ, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಲೂ, ಒಪ್ಪುವುದಿಲ್ಲ. ನಿನಗೆ ಬೇಕಾದದ್ದು ಬೈಟೋ ಸಂಕೇತವೋ ಎಂದು ಮೊದಲು ಹೇಳು ಎನ್ನುತ್ತದೆ. 2015ರ ಮೇ ತಿಂಗಳಿನಲ್ಲಿ 1.0 ಆವೃತ್ತಿ ಕಂಡ ಈ ಭಾಷೆಯನ್ನು ಕಲಿಯುವುದು ಕಷ್ಟ ಎಂದು ಗೊಣಗುವವರ ಸಾಲಿನಲ್ಲಿ ನಾನೂ ಇದ್ದೆ. ಈಗ ಆ ಗೊಣಗಾಟ ನಿಂತಿದೆ, ಏಕೆಂದರೆ ನನ್ನ ಮೇಜಿನ ಮೇಲೆ ನಿಲ್ಲುವ ಪ್ರೋಗ್ರಾಂ ಗ್ರಾಹಕರ ಕೈಗೆ ಹೋಗುವ ತಪ್ಪು ಹೆಸರಿಗಿಂತ ಅಗ್ಗ.

ಗೋ ಭಾಷೆಯ ವಿಷಯದಲ್ಲಿ ಒಂದು ತಮಾಷೆಯಿದೆ. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ತಟ್ಟೆಯಡಿಯ ಕಾಗದದ ಮೇಲೆ ಯುಟಿಎಫ್-8 ಪದ್ಧತಿಯನ್ನು ರೂಪಿಸಿದವರು ಕೆನ್ ಥಾಂಪ್ಸನ್. ಎದುರಿಗಿದ್ದವರು ರಾಬ್ ಪೈಕ್. 2009ರಲ್ಲಿ ಗೂಗಲ್ ಹೊರತಂದ ಗೋ ಭಾಷೆಯ ಮೂವರು ಕರ್ತೃಗಳಲ್ಲಿ ಇಬ್ಬರು ಇವರೇ. ಬೈಟುಗಳ ಹೊಲಿಗೆಯನ್ನು ಕಂಡುಹಿಡಿದವರೇ ಕಟ್ಟಿದ ಭಾಷೆ ಆ ಹೊಲಿಗೆಯನ್ನು ನಡುವೆ ಕತ್ತರಿಸಿದರೂ ಸುಮ್ಮನಿರುತ್ತದೆ. ಹಾಗೆಂದು ನಾನು ಗೋ ಬಿಟ್ಟಿಲ್ಲ. ಸರ್ವರ್ ಕೆಲಸಕ್ಕೆ ಅಷ್ಟು ಸರಳವಾದ, ಅಷ್ಟು ಬೇಗ ಕಂಪೈಲ್ ಆಗುವ, ಆರು ತಿಂಗಳ ಬಳಿಕ ತೆರೆದರೂ ನನ್ನದೇ ಬರಹ ನನಗೆ ಅರ್ಥವಾಗುವ ಭಾಷೆ ಇನ್ನೊಂದು ನನ್ನ ಬಳಿ ಇಲ್ಲ.

ಪೈಥಾನ್ ಎಲ್ಲರ ಮುದ್ದಿನ ಭಾಷೆ, ನನಗೂ ಇಷ್ಟವೇ. ಆದರೆ ಅದನ್ನು ಹೊಗಳುವವರು ಹೇಳದ ಒಂದು ಮಾತನ್ನು ಹೇಳಬೇಕು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಹಳೆಯ ಪ್ರೋಗ್ರಾಮುಗಳನ್ನು ಮುರಿಯಿತು ಎಂದು ಜಗತ್ತೆಲ್ಲ ಶಪಿಸಿತು; ಎರಡನೆಯ ಆವೃತ್ತಿಯನ್ನು ಬೀಳ್ಕೊಡಲು 2020ರ ಜನವರಿ 1ರವರೆಗೆ ಕಾಯಬೇಕಾಯಿತು. ಆ ಮುರಿತದ ಮುಖ್ಯ ಕಾರಣಗಳಲ್ಲೊಂದು, ಪಠ್ಯವೇ ಬೇರೆ, ಬೈಟುಗಳ ರಾಶಿಯೇ ಬೇರೆ ಎಂದು ಭಾಷೆ ಕೊನೆಗೂ ಒಪ್ಪಿಕೊಂಡದ್ದು. ಇಂಗ್ಲಿಷ್‌ನಲ್ಲಿ ಮಾತ್ರ ವ್ಯವಹರಿಸುವವರಿಗೆ ಅದು ಬೇಡದ ರಗಳೆಯಾಗಿ ಕಂಡಿತು. ಹಳೆಯ ಪೈಥಾನ್‌ನಲ್ಲಿ ಊರ ಹೆಸರುಗಳ ಪಟ್ಟಿಯನ್ನು ಮುದ್ರಿಸಲು ಹೋಗಿ, ಶಿವಮೊಗ್ಗ, ಶಿರಸಿಗಳ ಬದಲು ಪರದೆ ತುಂಬ ತಲೆಬುಡವಿಲ್ಲದ ಸಂಕೇತಗಳನ್ನು ಕಂಡಿದ್ದ ನನಗೆ ಮಾತ್ರ ಹನ್ನೊಂದು ವರ್ಷಗಳ ಆ ರಗಳೆ ಸಾರ್ಥಕವೆನಿಸಿತು.

ಇನ್ನು ಸಲಕರಣೆಗಳ ವಿಷಯ. ಲ್ಯಾಪ್‌ಟಾಪ್ ಬಗ್ಗೆ ಹೆಚ್ಚು ಹೇಳಲು ಇಲ್ಲ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಥಿಂಕ್‌ಪ್ಯಾಡ್ ಟಿ480. ಎರಡು ಬ್ಯಾಟರಿ, ಸ್ಕ್ರೂ ಬಿಚ್ಚಿದರೆ ಸಿಗುವ ಎರಡು ರ‍್ಯಾಮ್ ಸ್ಲಾಟ್. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ ಕೊಡುವುದನ್ನು ನೋಡಿದರೆ ಇದನ್ನು ಮಾರುವ ಮನಸ್ಸಾಗುವುದಿಲ್ಲ.

ಕೀಲಿಮಣೆಯ ಬಗ್ಗೆ ಮಾತ್ರ ಹೇಳಲು ಸಾಕಷ್ಟಿದೆ. ನನ್ನದು ಟಿವಿಎಸ್ ಗೋಲ್ಡ್, ಬ್ಯಾಂಕಿನ ಕೌಂಟರಿನ ಆಚೆಯಿಂದ ಟಕಟಕ ಎಂದು ನಾವು ಕೇಳುತ್ತ ಬಂದ ಅದೇ ದಪ್ಪನೆಯ ಕೀಲಿಮಣೆ. ಒಳಗಿರುವುದು ಚೆರ್ರಿಯ ನೀಲಿ ಸ್ವಿಚ್ಚುಗಳು. ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2.2 ಮಿಲಿಮೀಟರ್ ಇಳಿಯುವಷ್ಟರಲ್ಲೇ ‘ಟಕ್’ ಎಂದು ಬೆರಳಿಗೂ ಕಿವಿಗೂ ತಿಳಿಸಿಬಿಡುತ್ತದೆ. ರಾತ್ರಿ ಹನ್ನೊಂದರ ಬಳಿಕ ಅದನ್ನು ಮುಟ್ಟಬಾರದೆಂಬುದು ನನ್ನ ಮನೆಯ ಕಾನೂನು, ಮತ್ತು ಆ ಕಾನೂನು ನ್ಯಾಯವಾದದ್ದೇ.

ಈ ಕೀಲಿಮಣೆಯ ಮೇಲೆ ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿ ವಿನ್ಯಾಸವನ್ನು. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿರುವುದೂ, ಲಿನಕ್ಸ್‌ನಲ್ಲಿ ಕ-ಗ-ಪ ಎಂಬ ಹೆಸರಿನಲ್ಲಿ ಸಿಗುವುದೂ ಅದೇ. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳು ಸಾಕು. ಎಫ್ ಒತ್ತಿದರೆ ಹಲಂತ. ಅಂದರೆ ಬೆರಳು ಎಣಿಸುವ ಐದೂ ಕಂಪ್ಯೂಟರು ಇಟ್ಟುಕೊಳ್ಳುವ ಐದೂ ಒಂದೇ. ಇಂಗ್ಲಿಷ್ ಉಚ್ಚಾರಣೆ ಬರೆದು ಕನ್ನಡಕ್ಕೆ ತಿರುಗಿಸಿಕೊಳ್ಳುವ ಸಾಧನಗಳಲ್ಲಿ ಈ ನೇರ ಸಂಬಂಧ ತಪ್ಪಿಹೋಗುತ್ತದೆ. ದೋಷ ಹುಡುಕುವಾಗ ಇದು ನನಗೆ ಎಷ್ಟು ನೆರವಾಗಿದೆಯೆಂದರೆ, ರಸೀದಿಯಲ್ಲಿ ಒಡೆದ ಹೆಸರನ್ನು ಮತ್ತೆ ಟೈಪ್ ಮಾಡುತ್ತ ‘ಟಕ್’ಗಳನ್ನು ಎಣಿಸಿ ಮೂರರಿಂದ ಗುಣಿಸಿದಾಗಲೇ ಆ ದಿನ ತಪ್ಪು ಎಲ್ಲಿದೆಯೆಂದು ಹೊಳೆದದ್ದು.

ಮಗಳ ಮೂರು ಎಂಬ ಉತ್ತರವನ್ನು ಕಂಪ್ಯೂಟರಿನಿಂದ ಹೇಳಿಸಲು ರಸ್ಟ್‌ನಲ್ಲಿ ಒಂದು ಚಿಕ್ಕ ಫಂಕ್ಷನ್ ಬರೆದಿಟ್ಟುಕೊಂಡಿದ್ದೇನೆ. ನಿಯಮ ಸರಳ: ಹಲಂತದ ಮುಂದೆ ವ್ಯಂಜನ ಬಂದರೆ ಎರಡನ್ನೂ ಕೂಡಿಸು. ‘ಫೇಸ್‌ಬುಕ್’ ಎಂಬಲ್ಲಿ ಸಕಾರಕ್ಕೂ ಬಕಾರಕ್ಕೂ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ನಡುವೆ ಕುಳಿತಿರುತ್ತದೆ. ಅದಿದ್ದರೆ ಕೂಡಿಸಬಾರದೆಂಬ ಇನ್ನೊಂದು ಸಾಲು ಸೇರಿಸಿದೆ. ಕಳೆದ ವಾರ ‘ರ‍್ಯಾಂಕ್’ ಪದಕ್ಕೆ ಮಗಳು ಎರಡು ಎಂದಳು, ಫಂಕ್ಷನ್ ಮೂರು ಎಂದಿತು. ಆ ಪದದಲ್ಲಿರುವ ಅದೃಶ್ಯ ಸಂಕೇತ ಬೇರೆ, ಅದು ಅರ್ಕಾವತ್ತಾಗದಂತೆ ರಕಾರವನ್ನು ಉಳಿಸಲು ಬಂದದ್ದು. ಎರಡನ್ನೂ ಒಂದೇ ಎಂದು ಬಗೆದದ್ದು ನನ್ನ ತಪ್ಪು. ನಿನ್ನೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸರಿಪಡಿಸಿದೆ. ಪರೀಕ್ಷೆಯ ಪಟ್ಟಿಯಲ್ಲಿ ಈಗ 43 ಪದಗಳಿವೆ, ‘ಮಲ್ಲಿಕಾರ್ಜುನಪ್ಪ’ ಎಂಬುದು ಮೊದಲನೆಯದು. ಇದಕ್ಕಿಂತ ತೊಡಕಿನ ಪದಗಳು ನಿಮಗೆ ತಿಳಿದಿದ್ದರೆ ದಯವಿಟ್ಟು ಕಳುಹಿಸಿ.