ಮುಳ್ಳಯ್ಯನಗಿರಿಗೆ ಸ್ಯಾಚುರೇಶನ್ ಸಾಲದು

ಮುಳ್ಳಯ್ಯನಗಿರಿಯ ಮೇಲೆ ದೂರು ಬಂದಿದೆ. ಫೋಟೋದಲ್ಲಿ ಇದ್ದ ಹಾಗೆ ಇಲ್ಲವಂತೆ.

ದೂರುವವರು ಸುಮ್ಮನೆ ಬಂದವರಲ್ಲ. ಬೆಂಗಳೂರಿನಿಂದ ರಾತ್ರಿಯೆಲ್ಲ ಕಾರು ಓಡಿಸಿ, ಹಾಸನದಲ್ಲಿ ಟೀ ಕುಡಿದು, ಗಿರಿಗೆ ಆನ್‌ಲೈನ್‌ನಲ್ಲಿ ಸ್ಲಾಟ್ ಹಿಡಿದು, ಸೀತಾಳಯ್ಯನಗಿರಿ ಹತ್ತಿರ ಸಾಲಿನಲ್ಲಿ ನಿಂತ ಕಾರುಗಳ ಹಿಂದೆ ತಾವೂ ನಿಂತು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಬಂದವರು. ಫೋನಿನಲ್ಲಿರುವ ಬೆಟ್ಟ ನೋಡುತ್ತಾರೆ. ಎದುರಿಗಿರುವ ಬೆಟ್ಟ ನೋಡುತ್ತಾರೆ. ಮತ್ತೆ ಫೋನು. ಫೋನಿನಲ್ಲಿ ಆಕಾಶ ನೇರಳೆ, ಹುಲ್ಲು ಗಿಳಿಹಸಿರು, ಮೋಡದ ಅಂಚಿಗೆ ಚಿನ್ನದ ಜರಿ. ಎದುರಿಗೆ ಬರೀ ಬೆಟ್ಟ. ರಾಜ್ಯದಲ್ಲೇ ಅತಿ ಎತ್ತರದ್ದು, 1,900 ಮೀಟರ್ ದಾಟಿದ್ದು, ಎಲ್ಲ ಸರಿ. ಆದರೆ ಜರಿ ಇಲ್ಲವಲ್ಲ!

ಆಲ್ದೂರು ಕಡೆಯ ಹೋಂಸ್ಟೇ ಮಾಲೀಕರೊಬ್ಬರಿಗೂ ಇದೇ ಕಷ್ಟ.

"ಸಾರ್, ಬುಕಿಂಗ್ ಮಾಡುವಾಗ ತೋರಿಸಿದ್ರಲ್ಲ, ಆ ಕೆರೆ ಎಲ್ಲಿ?"

"ಇದೇ ಸಾರ್."

"ಅದು ನೀಲಿ ಇತ್ತಲ್ರೀ."

"ಮಳೆ ಬಂದಿದೆ ಸಾರ್, ಕೆಂಪು ನೀರು."

"ಮತ್ತೆ ಯಾವಾಗ ನೀಲಿ ಆಗತ್ತೆ?"

ಮಾಲೀಕರು ಸ್ವಲ್ಪ ಯೋಚನೆ ಮಾಡಿ ಹೇಳಿದರು: "ನಮ್ಮಣ್ಣನ ಮಗ ಲ್ಯಾಪ್‌ಟಾಪ್ ತಗೊಂಡು ಬಂದ ಮೇಲೆ ಸಾರ್."

ಈ ಅಣ್ಣನ ಮಗ ಈಗ ಜಿಲ್ಲೆಯ ಪ್ರತಿ ಮನೆಯಲ್ಲೂ ಇದ್ದಾನೆ. ಅವನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್, ಅಂದರೆ ಕತ್ತಲು ಬೆಳಕು ಎರಡನ್ನೂ ಒಂದೇ ಫೋಟೋದಲ್ಲಿ ತೋರಿಸುವ ತಂತ್ರ) ಪ್ರಿಸೆಟ್ ಇದೆ. ಪ್ಯಾಕ್ ಲೆಕ್ಕದಲ್ಲಿ ಕೊಂಡದ್ದು. ನೂರಾರು ಪ್ರಿಸೆಟ್, ಭಾರೀ ರಿಯಾಯಿತಿ, ಇವತ್ತು ರಾತ್ರಿ ಹನ್ನೆರಡಕ್ಕೆ ಆಫರ್ ಮುಕ್ತಾಯ. ಆ ರಾತ್ರಿ ಹನ್ನೆರಡು ಯಾವತ್ತೂ ಹೊಡೆದಿಲ್ಲ ಅನ್ನುವುದು ಬೇರೆ ಮಾತು. ಕೊಳ್ಳಲು ಮನಸ್ಸಿಲ್ಲದವರಿಗೆ ಪೆನ್‌ಡ್ರೈವ್ ಇದೆ. ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಪ್ರಸಾದದ ಹಾಗೆ ಹಂಚಿಕೆಯಾಗುತ್ತದೆ.

ಪ್ರಿಸೆಟ್ ಎಂದರೆ ಏನೋ ಮಂತ್ರದಂಡ ಅಂದುಕೊಂಡಿದ್ದರೆ, ಅಲ್ಲ. ಎಕ್ಸ್‌ಪೋಶರ್ (ಒಟ್ಟು ಬೆಳಕು) ಇಷ್ಟು, ಹೈಲೈಟ್ಸ್ (ಬೆಳ್ಳನೆಯ ಭಾಗ) ಇಷ್ಟು, ಶ್ಯಾಡೋಸ್ (ಕಪ್ಪು ಭಾಗ) ಇಷ್ಟು, ಸ್ಯಾಚುರೇಶನ್ (ಬಣ್ಣದ ಗಾಢತೆ) ಇಷ್ಟು ಅಂತ ಯಾರೋ ಎಲ್ಲೋ ಸ್ಲೈಡರ್‌ಗಳನ್ನು ಎಳೆದು ನಿಲ್ಲಿಸಿದ ಜಾಗಗಳ ಪಟ್ಟಿ, ಅಷ್ಟೇ. ಅವರು ಎಳೆದದ್ದು ಬಾಲಿಯ ಕಡಲ ತೀರದ ಫೋಟೋಗೆ ಇರಬಹುದು, ಸ್ವಿಟ್ಜರ್ಲೆಂಡ್‌ನ ಹಿಮಕ್ಕೆ ಇರಬಹುದು. ಮುಂದಿರುವುದು ಹಿಮವೋ ರೋಬಸ್ಟಾ ತೋಟವೋ ಎಂದು ಆ ಪಟ್ಟಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಕಾಫಿ ಎಲೆಯ ಕಡು ಹಸಿರು ನವಿಲು ಬಣ್ಣಕ್ಕೆ ತಿರುಗುತ್ತದೆ, ಕೆಂಪು ಹಣ್ಣು ಕಿತ್ತಳೆಯಾಗುತ್ತದೆ, ಕುಯ್ಯುತ್ತಿರುವ ಹೆಂಗಸರ ಮುಖವೂ ಕಿತ್ತಳೆಯಾಗುತ್ತದೆ. ಬೇಸಿಗೆಯ ಮೊದಲ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು ಘಮ್ಮೆನ್ನುವ ದಿನಗಳು ವರ್ಷಕ್ಕೆ ಇರುವುದೇ ನಾಲ್ಕೋ ಐದೋ. ಆ ಬಿಳಿಯನ್ನೂ ಹೈಲೈಟ್ಸ್ ಮೈನಸ್ ನೂರಕ್ಕೆ ಎಳೆದು ಬೂದು ಮಾಡಿಟ್ಟಿರುತ್ತಾರೆ. ಹೂವೋ ಬೂಷ್ಟೋ ಗೊತ್ತಾಗಬಾರದು.

ಪಾಪ, ಎಚ್‌ಡಿಆರ್ ತಾನಾಗಿ ಕೆಟ್ಟದ್ದಲ್ಲ. ಅದು ಬೇಕಾಗುವ ಜಾಗ ನಮ್ಮಲ್ಲೇ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಮಧ್ಯಾಹ್ನ ಹೋಗಿ, ನವರಂಗದ ಒಳಗೆ ನಿಂತು ಬಾಗಿಲ ಕಡೆ ಕ್ಯಾಮೆರಾ ತಿರುಗಿಸಿ ನೋಡಿ. ಒಳಗೆ ಕತ್ತಲು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕಂಬಕ್ಕೆ ಹೊಂದಿಸಿದರೆ ಅಂಗಳ ಬೆಳ್ಳಗೆ ಸುಟ್ಟು ಹೋಗುತ್ತದೆ, ಅಂಗಳಕ್ಕೆ ಹೊಂದಿಸಿದರೆ ಕಂಬ ಕರ್ರಗೆ ಮುಳುಗುತ್ತದೆ. ನಮ್ಮ ಕಣ್ಣು ಅಲ್ಲಿ ಇಲ್ಲಿ ಓಡಾಡಿ ಎರಡನ್ನೂ ನಿಭಾಯಿಸುತ್ತದೆ. ಕ್ಯಾಮೆರಾಗೆ ಆ ಸೌಲಭ್ಯ ಕಮ್ಮಿ. ಒಳ್ಳೆಯ ಕ್ಯಾಮೆರಾ ಅಂದರೂ ಸುಮಾರು 14 ಸ್ಟಾಪ್ ಹಿಡಿದೀತು, ಒಂದೊಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಂತ ಲೆಕ್ಕ. ಕೊನೆಗೆ ಅದೆಲ್ಲ ಜೆಪೆಗ್ ಆಗುವಾಗ ಒಂದೊಂದು ಬಣ್ಣಕ್ಕೆ ಉಳಿಯುವುದು ಬರೀ 256 ಮೆಟ್ಟಿಲು. ಅದಕ್ಕೇ ಒಂದು ಕಪ್ಪಗೆ, ಒಂದು ಸರಿಯಾಗಿ, ಒಂದು ಬೆಳ್ಳಗೆ ಅಂತ ಮೂರು ಫೋಟೋ ತೆಗೆದು, ಎಲ್ಲದರ ಒಳ್ಳೆಯ ಭಾಗ ಕೂಡಿಸಿ, ಆ ದೊಡ್ಡ ಬೆಳಕನ್ನು ಚಿಕ್ಕ ಪರದೆಗೆ ಒಗ್ಗಿಸುವುದು. ಇದನ್ನು 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ಎರಡು ನೆಗೆಟಿವ್ ಬಳಸಿ ಮಾಡಿದ್ದ. 1997ರಲ್ಲಿ ಡೆಬೆವೆಕ್ ಮತ್ತು ಮಲಿಕ್ ಎಂಬಿಬ್ಬರು ಕಂಪ್ಯೂಟರ್‌ನಲ್ಲಿ ಮಾಡುವ ಲೆಕ್ಕ ಬರೆದುಕೊಟ್ಟರು. ಎಲ್ಲರ ಉದ್ದೇಶ ಒಂದೇ, ಕಣ್ಣು ಕಂಡದ್ದರ ಹತ್ತಿರ ಬರುವುದು.

ನಾವು ಹತ್ತಿರ ಬಂದೆವು, ನಿಲ್ಲಿಸಲಿಲ್ಲ, ಹಾಗೇ ಕಣ್ಣನ್ನು ದಾಟಿ ಮುಂದಕ್ಕೆ ಹೋದೆವು.

ಈಗ ಅದೇ ಬೇಲೂರಿನ ಶಿಲಾಬಾಲಿಕೆಯರ ಫೋಟೋ ನೋಡಿ. ಬಳಪದ ಕಲ್ಲು. ಮೆತ್ತಗಿನ ಬೂದು ಬಣ್ಣ, ಒಂಬೈನೂರು ವರ್ಷದ ಗಾಳಿ ಮಳೆ ತಿಂದ ನುಣುಪು. ಅದಕ್ಕೆ ಗೆರೆ, ಒರಟುತನ ಎದ್ದು ಕಾಣಿಸುವ ಸ್ಲೈಡರ್‌ಗಳಾದ ಕ್ಲಾರಿಟಿ ನೂರು, ಟೆಕ್ಸ್ಚರ್ ನೂರು ಕೊಟ್ಟಾಗ ಏನಾಗುತ್ತದೆ? ಕನ್ನಡಿ ನೋಡಿಕೊಳ್ಳುತ್ತಾ ನಿಂತ ಸುಂದರಿಯ ಮೈಯೆಲ್ಲ ಕಬ್ಬಿಣವಾಗುತ್ತದೆ. 2023ರಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತಲ್ಲ, ಪುಣ್ಯಕ್ಕೆ ಅವರು ಖುದ್ದಾಗಿ ಬಂದು ನೋಡಿದ್ದರು. ಬರೀ ನಮ್ಮ ಫೋಟೋ ನೋಡಿದ್ದರೆ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕ ಹೊಯ್ದದ್ದು ಅಂದುಕೊಳ್ಳುತ್ತಿದ್ದರೋ ಏನೋ.

ಶೆಟ್ಟಿಹಳ್ಳಿ ಚರ್ಚ್‌ದು ಇನ್ನೊಂದು ಕಥೆ. ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರ್ಧ ಮುಳುಗುವಂಥದ್ದು. ಛಾವಣಿ ಇಲ್ಲ, ಗೋಡೆ ಬಿರಿದಿದೆ, ನಿಂತು ನೋಡಿದರೆ ಮನಸ್ಸು ಭಾರವಾಗುತ್ತದೆ. ನಮ್ಮ ಹುಡುಗರ ಕೈಗೆ ಸಿಕ್ಕರೆ ಅದರ ಸುತ್ತ ಒಂದು ಬೆಳ್ಳನೆಯ ಪ್ರಭಾವಳಿ ಹೊಳೆಯುತ್ತದೆ. ಇದು ಪವಾಡವಲ್ಲ. ಟೋನ್ ಮ್ಯಾಪಿಂಗ್, ಅಂದರೆ ದೊಡ್ಡ ಬೆಳಕನ್ನು ಚಿಕ್ಕ ಪರದೆಗೆ ಒಗ್ಗಿಸುವ ಆ ಕೆಲಸ, ಮಿತಿ ಮೀರಿದಾಗ ಕಪ್ಪು ಗೋಡೆಗೂ ಬಿಳಿ ಆಕಾಶಕ್ಕೂ ಸೇರುವ ಅಂಚಿನಲ್ಲಿ ಬರುವ ದೋಷ. ಆದರೆ ನೋಡುವವರಿಗೆ ಭಕ್ತಿ ಬರುತ್ತದೆ. ಪ್ರಿ-ವೆಡ್ಡಿಂಗ್‌ಗೆ ಬಂದು ಅದರ ಮುಂದೆ ನಿಂತ ಜೋಡಿಗೂ ತಲೆಯ ಸುತ್ತ ಅದೇ ಬೆಳಕು ಬಂದಿರುತ್ತದೆ. ಮದುವೆಗೆ ಮುಂಚೆಯೇ ಇಬ್ಬರಿಗೂ ಸಂತ ಪದವಿ. ಮದುವೆಯಾದ ಮೇಲೆ ಬೇಕಾಗುತ್ತೆ, ಇರಲಿ.

ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಜಗಳ ಕೇಳಬೇಕು ನೀವು. ಹಾಸನದ ಬಿ.ಎಂ. ರಸ್ತೆಯ ಸ್ಟುಡಿಯೋಗಳಲ್ಲಿ ಹಿರಿಯರು ಇನ್ನೂ ಫೋಟೋಮ್ಯಾಟಿಕ್ಸ್ ಅನ್ನುತ್ತಾರೆ. 2003ರಿಂದ ಇರುವ ಹಳೆಯ ಹುಲಿ, ಲೋಕದ ಕಣ್ಣಿಗೆ ಮೊದಲು ಈ ಬಣ್ಣದ ಹುಚ್ಚು ಹಿಡಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಇನ್ನೊಬ್ಬರು ನಿಕ್ ಕಲೆಕ್ಷನ್ ಅನ್ನುತ್ತಾರೆ. ಅದನ್ನು 2012ರಲ್ಲಿ ಗೂಗಲ್ ಕೊಂಡಿತು, 2016ರಲ್ಲಿ ಎಲ್ಲರಿಗೂ ಪುಕ್ಕಟೆ ಕೊಟ್ಟಿತು, ಮರುವರ್ಷವೇ ಡಿಎಕ್ಸ್‌ಒ ಎಂಬ ಕಂಪನಿಗೆ ಮಾರಿತು. ಪುಕ್ಕಟೆ ಸಿಕ್ಕಿದ ಆ ಕಾಲವನ್ನು ನೆನೆದು ಈಗಲೂ ನಿಟ್ಟುಸಿರು ಬಿಡುವವರಿದ್ದಾರೆ. ಅರೋರಾ ಎಚ್‌ಡಿಆರ್ ಕೊಂಡವರ ಮುಂದೆ ಆ ವಿಷಯ ಎತ್ತಬೇಡಿ. ಅದೇ ಕಂಪನಿಯವರು ಅದನ್ನು ಅಲ್ಲಿಗೇ ಬಿಟ್ಟು ಲೂಮಿನಾರ್ ನಿಯೋ ಕಡೆ ಹೊರಟರು. ಲೈಟ್‌ರೂಮ್‌ಗೆ 2015ರಲ್ಲೇ ಎಚ್‌ಡಿಆರ್ ಮರ್ಜ್, ಅಂದರೆ ಫೋಟೋ ಕೂಡಿಸುವ ಸೌಲಭ್ಯ ಬಂತು, ಆದರೆ ಅದಕ್ಕೆ ತಿಂಗಳ ಬಾಡಿಗೆ. ಬಾಡಿಗೆ ನಿಂತರೆ ಎಡಿಟ್ ಮಾಡುವುದೂ ನಿಂತಿತು. ಡಾರ್ಕ್‌ಟೇಬಲ್ ಪೂರ್ತಿ ಉಚಿತ, ಕೆಲಸವೂ ಚೆನ್ನಾಗಿದೆ. ಅದಕ್ಕೇ ಯಾರೂ ನಂಬುವುದಿಲ್ಲ. ದುಡ್ಡು ಕೊಡದೆ ಬಂದದ್ದರಲ್ಲಿ ಹಸಿರು ಜಾಸ್ತಿ ಬರುತ್ತದಾ ಹೇಳಿ?

ಹೀಗೆ ವಾರಗಟ್ಟಲೆ ಹೋಲಿಸಿ, ರಾತ್ರಿಯೆಲ್ಲ ವಿಡಿಯೋ ನೋಡಿ, ಗೆಳೆಯರ ಜೊತೆ ಮಾತು ಬಿಟ್ಟು, ಅಂತೂ ಒಂದು ಸಾಫ್ಟ್‌ವೇರ್ ಆರಿಸಿದ ಮೇಲೆ ಎಲ್ಲರೂ ಮಾಡುವ ಕೆಲಸ ಒಂದೇ. ಹೈಲೈಟ್ಸ್ ಪೂರ್ತಿ ಎಡಕ್ಕೆ, ಉಳಿದದ್ದೆಲ್ಲ ಪೂರ್ತಿ ಬಲಕ್ಕೆ. ಸ್ಲೈಡರ್‌ನ ಮಧ್ಯ ಭಾಗ ಯಾಕಿದೆ ಅಂತ ನಮ್ಮ ಜಿಲ್ಲೆಯಲ್ಲಿ ಇನ್ನೂ ಯಾರಿಗೂ ತಿಳಿದಿಲ್ಲ.

ಇನ್ನು ಡಿಹೇಜ್. ಇದು ನನ್ನ ಅಚ್ಚುಮೆಚ್ಚಿನ ಸ್ಲೈಡರ್, ಯಾಕಂದ್ರೆ ಚಿಕ್ಕಮಗಳೂರಿಗೂ ಅದಕ್ಕೂ ಹುಟ್ಟಾ ವೈರ. ಅದರ ಕೆಲಸ ಮಂಜು ತೆಗೆಯುವುದು. ಜನ ಇಲ್ಲಿಗೆ ಬರುವುದು ಮಂಜು ನೋಡಲು. ಇನ್ನೂರೈವತ್ತು ಕಿಲೋಮೀಟರ್ ಬಂದು, ಸ್ವೆಟರ್ ಕೊಂಡು, ಮಂಜಿನೊಳಗೆ ನಿಂತು ಫೋಟೋ ತೆಗೆಸಿಕೊಂಡು, ರೂಮಿಗೆ ಹೋಗಿ ಡಿಹೇಜ್ ಅರವತ್ತಕ್ಕೆ ಎಳೆದು ಆ ಮಂಜನ್ನೆಲ್ಲ ತೆಗೆದು ಹಾಕುತ್ತಾರೆ. ಆಮೇಲೆ ಫೋಟೋ ಯಾಕೋ ಮಲೆನಾಡಿನ ಹಾಗೆ ಕಾಣುತ್ತಿಲ್ಲ ಅನ್ನಿಸುತ್ತದೆ. ಆಗ ಮೂಡಿ ಮಲ್ನಾಡ್ ಅಂತಲೋ ಮಿಸ್ಟಿ ಅಂತಲೋ ಇನ್ನೊಂದು ಪ್ರಿಸೆಟ್ ಕೊಂಡು ಹೊಸ ಮಂಜು ಹಾಕುತ್ತಾರೆ. ದೇವರು ಕೊಟ್ಟ ಮಂಜು ಬೇಡ, ದುಡ್ಡು ಕೊಟ್ಟ ಮಂಜೇ ಬೇಕು.

ಗಾಳಿಯೂ ಸಹಕರಿಸುವುದಿಲ್ಲ. ಗಿರಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಸುಮ್ಮನೆ ನಿಲ್ಲುವುದಿಲ್ಲ, ಮೂರು ಫೋಟೋ ಕೂಡಿಸಿದರೆ ಅಲುಗಾಡಿದ್ದೆಲ್ಲ ದೆವ್ವದ ಹಾಗೆ ಎರಡೆರಡು ಮೂರು ಮೂರು ಕಾಣುತ್ತದೆ. ಸೆಲ್ಫಿಗೆ ಕೈ ಎತ್ತಿದ ಒಬ್ಬ ಯಜಮಾನರಿಗೆ ಆರು ಕೈ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ಲೈಟ್‌ರೂಮ್‌ನಲ್ಲಿ ಡಿಘೋಸ್ಟ್ ಅಂತ ಮದ್ದು ಇದೆ, ಲೋ, ಮೀಡಿಯಂ, ಹೈ. ಹೈ ಇಟ್ಟು ನೋಡಿದೆವು. ದೆವ್ವ ಹೋಗುತ್ತದೆ. ಶನಿವಾರದ ಜನ ಹೋಗುವುದಿಲ್ಲ.

ಅದರ ಮೇಲೆ ಈಗಿನ ಫೋನುಗಳು. ಬಟನ್ ಒತ್ತಿದರೆ ಅವು ಕೇಳದೆಯೇ ಹಲವು ಫ್ರೇಮ್ ತೆಗೆದು, ತಾವೇ ಕೂಡಿಸಿ, ಎಚ್‌ಡಿಆರ್ ಮಾಡಿಯೇ ಕೈಗೆ ಕೊಡುತ್ತವೆ. ಅದಕ್ಕೆ ನಾವು ಸ್ನ್ಯಾಪ್‌ಸೀಡ್ ಆ್ಯಪ್‌ನ ಎಚ್‌ಡಿಆರ್ ಸ್ಕೇಪ್ ಫಿಲ್ಟರ್ ಹಾಕಿ, ಅದನ್ನು ಲೈಟ್‌ರೂಮ್‌ಗೆ ತಂದು ಪ್ರಿಸೆಟ್ ಹಾಕಿ, ಪೋಸ್ಟ್ ಮಾಡುವಾಗ ಕೊನೆಯದಾಗಿ ಒಂದು ಫಿಲ್ಟರ್ ಹಾಕುತ್ತೇವೆ. ಎಚ್‌ಡಿಆರ್‌ನ ಎಚ್‌ಡಿಆರ್‌ನ ಎಚ್‌ಡಿಆರ್. ತಾತನ ಎಂಬತ್ತನೇ ಹುಟ್ಟುಹಬ್ಬದ ಫ್ಲೆಕ್ಸ್‌ಗೂ ಇದೇ ಚಿಕಿತ್ಸೆ. ಅವರ ಮುಖದ ಒಂದೊಂದು ಸುಕ್ಕೂ ಚಾರ್ಮಾಡಿ ಘಾಟಿಯ ತಿರುವು. ಪಕ್ಕದಲ್ಲಿರುವ ಮೊಮ್ಮಗಳಿಗೆ ಮಾತ್ರ ಬ್ಯೂಟಿ ಮೋಡ್, ಅವಳಿಗೆ ಮೂಗೇ ಇಲ್ಲ. ಅದನ್ನು ಮುದ್ರಿಸುವುದು ಫ್ಲೆಕ್ಸ್ ಶೀಟಿನ ಮೇಲೆ, ಅಲ್ಲಿ ಕಪ್ಪು ಕಪ್ಪಲ್ಲ, ಬಿಳಿ ಬಿಳಿಯಲ್ಲ, ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಬೆಳಕಿನ ವ್ಯತ್ಯಾಸ ಆ ಶೀಟಿಗೆ ಇಳಿಯುವುದೇ ಇಲ್ಲ.

ನಿಜವಾದ ಎಚ್‌ಡಿಆರ್ ಪರದೆಗಳು ಬಂದಿವೆ, ಆಂಡ್ರಾಯ್ಡ್ 14ರ ಜೊತೆ 2023ರಲ್ಲಿ ಅಲ್ಟ್ರಾ ಎಚ್‌ಡಿಆರ್ ಫೋಟೋನೂ ಬಂತು, ಅದರಲ್ಲಿ ಸೂರ್ಯ ನಿಜವಾಗಿಯೂ ಮಿನುಗುತ್ತಾನೆ. ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಇದನ್ನು ನಮ್ಮ ಅಣ್ಣನ ಮಗನಿಗೆ ವಿವರಿಸಿದರೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅದ್ರ ಮೇಲೆ ನಮ್ಮ ಪ್ರಿಸೆಟ್ ಕೂರತ್ತಾ?"

ಕುರಿಂಜಿಯ ವಿಷಯದಲ್ಲಂತೂ ಹುಡುಗರು ಪ್ರಕೃತಿಯನ್ನೇ ಸೋಲಿಸಿದರು. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. 2022ರಲ್ಲಿ ಗಿರಿಶ್ರೇಣಿಯಲ್ಲಿ ಅರಳಿತು, ಜನ ಹಿಂಡುಹಿಂಡಾಗಿ ಬಂದು ನೋಡಿದರು, ಕಿತ್ತರು, ಹೋದರು. ಮುಂದಿನ ಸಲಕ್ಕೆ ಯಾರು ಕಾಯುತ್ತಾರೆ? ಎಡಿಟಿಂಗ್‌ನಲ್ಲಿ ಹ್ಯೂ ಅಂತ ಒಂದು ಸ್ಲೈಡರ್ ಇದೆ, ಹಸಿರನ್ನು ಹಿಡಿದು ಎಳೆದು, ಕಲರ್ ಗ್ರೇಡಿಂಗ್‌ನಲ್ಲಿ ಸ್ವಲ್ಪ ನೇರಳೆ ಸುರಿದರೆ ಬೆಟ್ಟಕ್ಕೆ ಬೆಟ್ಟವೇ ಅರಳುತ್ತದೆ. ಈಗ ಪ್ರತಿ ಶುಕ್ರವಾರ ಸಂಜೆ ಕುರಿಂಜಿ ಅರಳುತ್ತದೆ, ಶನಿವಾರ ಬೆಳಿಗ್ಗೆ ಕಾರುಗಳು ಬರುತ್ತವೆ, ಭಾನುವಾರ ಜನ ಬಾಯಿಗೆ ಬಂದಂತೆ ಬೈದು ಹೋಗುತ್ತಾರೆ. ಜುಲೈ ತಿಂಗಳಲ್ಲಿ, ವಾರಗಟ್ಟಲೆ ಸೂರ್ಯನೇ ಕಾಣದ ಮಳೆಯಲ್ಲಿ, ಝರಿ ಫಾಲ್ಸ್ ಮೇಲೆ ಆಕಾಶಗಂಗೆ ಹರಿಯುತ್ತಿರುವ ಫೋಟೋ ನೋಡಿ ಜೀಪ್ ಡ್ರೈವರ್ ಒಬ್ಬರು, "ಇಷ್ಟು ವರ್ಷ ಇದೇ ರೋಡಲ್ಲಿ ಗಾಡಿ ಹೊಡೆದೆ ಮಾರಾಯ್ರೆ, ನಂಗ್ಯಾಕೆ ಒಂದ್ಸಲನೂ ಕಾಣಲಿಲ್ಲ?" ಎಂದು ನಿಜವಾಗಿಯೂ ಬೇಜಾರು ಮಾಡಿಕೊಂಡಿದ್ದರು.

ಇಷ್ಟೆಲ್ಲ ಆದ ಮೇಲೆ ಫೋಟೋ ತಿದ್ದಿಕೊಳ್ಳಿ ಅನ್ನುವುದು ಅನ್ಯಾಯ. ಬಹುಮತ ಫೋಟೋಗಳ ಕಡೆ ಇದೆ. ತಿದ್ದಬೇಕಾದ್ದು ಬೆಟ್ಟವನ್ನು. ಅದು ಕಷ್ಟ, ಅರಣ್ಯ ಇಲಾಖೆ ಅನುಮತಿ ಕೊಡುವುದಿಲ್ಲ. ಆದ್ದರಿಂದ ನನ್ನದೊಂದು ಸಲಹೆ. ಗಿರಿಗೆ ಹೋಗುವವರನ್ನು ಹೇಗೂ ಕೈಮರ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸುತ್ತಾರಲ್ಲ, ಅಲ್ಲೇ ಪ್ರತಿಯೊಬ್ಬರಿಗೂ ಒಂದು ಬಣ್ಣದ ಕನ್ನಡಕ ಕೊಡಲಿ. ಮೇಲ್ಭಾಗ ನೇರಳೆ, ಕೆಳಭಾಗ ಗಿಳಿಹಸಿರು, ಅಂಚಿಗೆ ಜರಿ. ಡೆಪಾಸಿಟ್ ಇಟ್ಟುಕೊಳ್ಳಲಿ, ಇಳಿಯುವಾಗ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಕೆಲವರು ಕೊಡದೆ ಹಾಗೇ ಹಾಕಿಕೊಂಡು ಹೋಗುತ್ತಾರೆ, ಗೊತ್ತು. ಹೋಗಲಿ ಬಿಡಿ. ನೆಲಮಂಗಲದ ಟೋಲ್ ದಾಟಿದ ಮೇಲೆ ಅವರಿಗೆ ಅದು ಇನ್ನೂ ಜಾಸ್ತಿ ಬೇಕಾಗುತ್ತದೆ.